ಹಳೇ ರೇಡಿಯೊ ಮಾರುವ ಮುನ್ನ: ಅದರ ಬೆಲೆ ತಿಳಿದುಕೊಳ್ಳುವುದು ಹೇಗೆ?

ಹಳೇ ರೇಡಿಯೊ ಸಿಕ್ಕಿದ ಕೂಡಲೇ ಕೈ ಹೋಗುವುದು ಪ್ಲಗ್ ಕಡೆಗೆ. ಹಾಡುತ್ತದೋ ಇಲ್ಲವೋ ನೋಡೋಣ ಅನ್ನುವ ಆಸೆ. ದಯವಿಟ್ಟು ಸ್ವಲ್ಪ ತಡೆಯಿರಿ. ಹತ್ತಾರು ವರ್ಷ ಕರೆಂಟ್ ಕಾಣದ ಸೆಟ್‌ಗೆ ಒಮ್ಮೆಲೇ ಕರೆಂಟ್ ಕೊಟ್ಟರೆ ಕರೆಂಟ್ ಹಿಡಿದಿಟ್ಟುಕೊಳ್ಳುವ ಭಾಗ, ಅಂದರೆ ಕೆಪಾಸಿಟರ್, ಒಣಗಿದ್ದು ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು. ಒದ್ದೆ ಬಟ್ಟೆ, ಪಾಲಿಶ್ ಡಬ್ಬಿ, ಮರಳು ಕಾಗದ ಇವನ್ನೂ ಸದ್ಯಕ್ಕೆ ದೂರ ಇಡಿ. ಮೊದಲ ದಿನ ನೋಡುವುದು ಮತ್ತು ಬರೆದುಕೊಳ್ಳುವುದು ಇಷ್ಟೇ ಕೆಲಸ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೇಡಿಯೊ ಹಳೇದು ಅಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಹಾಡುತ್ತದೆ ಅಂದ ಮಾತ್ರಕ್ಕೂ ಜಾಸ್ತಿ ಬರುವುದಿಲ್ಲ. ಆ ಮಾಡೆಲ್ ಹುಡುಕುವವರು ಇದ್ದಾರಾ? ಕಾರ್ಖಾನೆಯಿಂದ ಹೊರಟಾಗ ಇದ್ದದ್ದೆಲ್ಲ ಈಗಲೂ ಅದರ ಮೈಮೇಲೆ ಇದೆಯಾ? ಬೆಲೆ ನಿಲ್ಲುವುದು ಈ ಎರಡರ ಮೇಲೆ. ಲಕ್ಷಗಟ್ಟಲೆ ತಯಾರಾದ 1930ರ ದಶಕದ ಮರದ ಸೆಟ್ ಒಂದು ಅಗ್ಗಕ್ಕೆ ಹೋಗಬಹುದು, 1950ರ ದಶಕದ ಅಂಗೈ ಅಗಲದ ಪ್ಲಾಸ್ಟಿಕ್ ಟ್ರಾನ್ಸಿಸ್ಟರ್ ಅದರ ಹಲವು ಪಟ್ಟು ತರಬಹುದು.

1. ಇದು ಯಾವ ಸೆಟ್, ಯಾವ ಕಾಲದ್ದು?

ಮುಂಭಾಗದಲ್ಲಿರುವ ಕಂಪನಿ ಹೆಸರು ಸಾಲದು. ಫಿಲಿಪ್ಸ್, ಗ್ರುಂಡಿಗ್, ಜೆನಿತ್, ಬುಷ್ ಒಂದೊಂದೂ ನೂರಾರು ಮಾಡೆಲ್ ಮಾಡಿವೆ. ಬೇಕಾದದ್ದು ಮಾಡೆಲ್ ನಂಬರ್. ಅದು ಸಾಮಾನ್ಯವಾಗಿ ಹಿಂಬದಿ ಮುಚ್ಚಳದ ಮೇಲೆ, ಕ್ಯಾಬಿನೆಟ್‌ನ ತಳದಲ್ಲಿ ಅಂಟಿಸಿದ ಕಾಗದದಲ್ಲಿ ಅಥವಾ ಒಳಗಿನ ಲೋಹದ ತಟ್ಟೆ ಅಂದರೆ ಚಾಸಿಸ್ ಮೇಲೆ ಇರುತ್ತದೆ. ಟ್ರಾನ್ಸಿಸ್ಟರ್ ಸೆಟ್ ಆದರೆ ಬ್ಯಾಟರಿ ಮುಚ್ಚಳದ ಒಳಗಡೆ ನೋಡಿ. ಕಾಗದ ಹರಿದಿದ್ದರೂ ಕೀಳಬೇಡಿ, ಇದ್ದ ಹಾಗೇ ಫೋಟೊ ತೆಗೆಯಿರಿ. ಆ ಕಾಗದ ಇರುವುದೇ ಒಂದು ಬೆಲೆ.

ನಂಬರ್ ಸಿಗದಿದ್ದರೆ ಕಾಲವನ್ನಾದರೂ ಡಯಲ್ ಹೇಳುತ್ತದೆ. ಕಿಲೊಸೈಕಲ್, ಮೆಗಾಸೈಕಲ್ ಎಂದು ಬರೆದಿದ್ದರೆ ಸೆಟ್ ಬಹುತೇಕ 1970ಕ್ಕಿಂತ ಹಿಂದಿನದು. 1960ರಲ್ಲಿ ಹರ್ಟ್ಜ್ ಅಂತರರಾಷ್ಟ್ರೀಯ ಮಾನವಾಗಿ ಒಪ್ಪಿತವಾಯಿತು, ಆಮೇಲೆ ಮೆಲ್ಲಗೆ ಕಿಲೊಹರ್ಟ್ಜ್, ಮೆಗಾಹರ್ಟ್ಜ್ ಬಂದವು. ಅಮೆರಿಕದ ಸೆಟ್‌ಗಳಲ್ಲಿ ಇನ್ನೂ ಸುಲಭದ ಗುರುತು ಇದೆ. ಡಯಲ್‌ನಲ್ಲಿ 640 ಮತ್ತು 1240ರ ಬಳಿ ಪುಟ್ಟ ತ್ರಿಕೋನ ಗುರುತು ಇದ್ದರೆ ಅದು ಸುಮಾರು 1953ರಿಂದ 1963ರೊಳಗಿನ ಸೆಟ್. ಶೀತಲ ಸಮರದ ಕಾಲದಲ್ಲಿ ದಾಳಿಯ ಎಚ್ಚರಿಕೆ ಕೇಳಲು ಆ ಎರಡು ಜಾಗಗಳನ್ನು ಮೀಸಲಿಟ್ಟಿದ್ದರು. ಯುರೋಪಿನ ಸೆಟ್ ಆಗಿದ್ದು ಎಫ್‌ಎಂ ಪಟ್ಟಿ 100 ಮೆಗಾಹರ್ಟ್ಜ್‌ಗೇ ನಿಂತಿದ್ದರೆ ಅದು ಎಫ್‌ಎಂ ಬಂದ ಆರಂಭದ ದಿನಗಳದ್ದಿರಬಹುದು, 108ರವರೆಗೆ ಇದ್ದರೆ ನಂತರದ್ದು.

ಒಳಗೆ ಇಣುಕಿದರೆ ಇನ್ನೊಂದು ಗುರುತು ಸಿಗುತ್ತದೆ. ಅಮೆರಿಕದ ಸ್ಪೀಕರ್‌ಗಳ ಲೋಹದ ಚೌಕಟ್ಟಿನ ಮೇಲೆ ಸಂಖ್ಯೆಗಳ ಸಾಲು ಒತ್ತಿರುತ್ತಾರೆ. ಮೊದಲಿನವು ತಯಾರಕರ ಗುರುತು, ಕೊನೆಯವು ವರ್ಷ ಮತ್ತು ವಾರ. ಉದಾಹರಣೆಗೆ ಜೆನ್ಸನ್ ಕಂಪನಿಯ ಗುರುತು 220. ಸ್ಪೀಕರ್ ಬದಲಾಗಿರದಿದ್ದರೆ ಸೆಟ್ ಅದಾದ ಕೆಲವೇ ತಿಂಗಳಲ್ಲಿ ಜೋಡಣೆಯಾಗಿರುತ್ತದೆ.

ಹಳೇದರ ಹಾಗೆ ಕಾಣುವ ಹೊಸ ಸೆಟ್‌ಗಳ ಬಗ್ಗೆ ಎಚ್ಚರ. ಕಮಾನಿನ ಆಕಾರದ ಮರದ ರೇಡಿಯೊ ನೋಡಿದ ಕೂಡಲೇ 1930ರ ದಶಕ ಅಂದುಕೊಳ್ಳುತ್ತೇವೆ. ಫಿಲ್ಕೊ 90 ಎಂಬ 1931ರ ಮಾಡೆಲ್ ಆ ಆಕಾರವನ್ನು ಅಷ್ಟು ಜನಪ್ರಿಯ ಮಾಡಿತು. ಆದರೆ 1980, 90ರ ದಶಕಗಳಲ್ಲಿ ಅದೇ ಆಕಾರದ ನಕಲುಗಳು ರಾಶಿ ರಾಶಿಯಾಗಿ ಬಂದವು. ಪಕ್ಕದಲ್ಲಿ ಕ್ಯಾಸೆಟ್ ತೂರಿಸುವ ಕಿಂಡಿ, ಒಳಗೆ ಚಿಕ್ಕದೊಂದು ಸರ್ಕ್ಯೂಟ್ ಬೋರ್ಡ್, ಎತ್ತಿದರೆ ಹಗುರ. ಅವು ಅಲಂಕಾರದ ಸಾಮಾನು, ಹಾಗೇ ಬೆಲೆ ಕಟ್ಟಬೇಕು.

2. ಈ ಸೆಟ್ ಯಾರಿಗೆ ಬೇಕು?

ಹಳೇ ರೇಡಿಯೊ ಕೊಳ್ಳುವವರೆಲ್ಲ ಒಂದೇ ಥರದವರಲ್ಲ. ಕೆಲವರಿಗೆ ಇತಿಹಾಸದಲ್ಲಿ ಮೊದಲಿನದು ಬೇಕು. ಕೆಲವರಿಗೆ ರೂಪ ಮುಖ್ಯ. ಕೆಲವರಿಗೆ ದೂರದ ನಿಲ್ದಾಣ ಹಿಡಿಯುವ ಶಕ್ತಿ ಮುಖ್ಯ. ಇನ್ನು ಕೆಲವರಿಗೆ ಒಳಗಿನ ಭಾಗಗಳಷ್ಟೇ ಸಾಕು.

ಮೊದಲಿನವುಗಳಲ್ಲಿ ರೀಜೆನ್ಸಿ ಟಿಆರ್-1 ದೊಡ್ಡ ಹೆಸರು. 1954ರ ಕೊನೆಗೆ ಅಂಗಡಿಗೆ ಬಂದ ಇದು ಮಾರುಕಟ್ಟೆಗೆ ಬಂದ ಮೊದಲ ಟ್ರಾನ್ಸಿಸ್ಟರ್ ರೇಡಿಯೊ. ಸಂಕೇತವನ್ನು ಹಿಗ್ಗಿಸುವ ಟ್ರಾನ್ಸಿಸ್ಟರ್ ಎಂಬ ಪುಟ್ಟ ಭಾಗಗಳು ಒಳಗಿದ್ದದ್ದು ನಾಲ್ಕೇ. ಇದರಲ್ಲಿ ಬಣ್ಣದಿಂದ ಬಣ್ಣಕ್ಕೆ ಬೆಲೆ ಬೇರೆ. 1957ರ ಸೋನಿ ಟಿಆರ್-63 ಕೂಡ ಹುಡುಕಿಕೊಂಡು ಹೋಗುವ ಸೆಟ್. ಆ ಕಾಲದ ಜಪಾನಿನ ಪುಟ್ಟ ಸೆಟ್‌ಗಳಲ್ಲಿ ಎರಡೇ ಟ್ರಾನ್ಸಿಸ್ಟರ್ ಇದ್ದು ‘ಬಾಯ್ಸ್ ರೇಡಿಯೊ’ ಎಂದು ಬರೆದಿರುವವು ಇವೆ. ಆಟಿಕೆ ಲೆಕ್ಕದಲ್ಲಿ ರಫ್ತಾಗುತ್ತಿದ್ದ ಇವನ್ನೂ ಈಗ ಸಂಗ್ರಹಿಸುತ್ತಾರೆ. ಹಾಗೇ, ಮೈಮೇಲೆ ‘10 ಟ್ರಾನ್ಸಿಸ್ಟರ್’, ‘14 ಟ್ರಾನ್ಸಿಸ್ಟರ್’ ಎಂದು ದೊಡ್ಡದಾಗಿ ಬರೆದಿದ್ದರೆ ಬೆರಗಾಗಬೇಡಿ. ಸಂಖ್ಯೆ ಹೆಚ್ಚಿಸಲು ಕೆಲಸವಿಲ್ಲದ ಟ್ರಾನ್ಸಿಸ್ಟರ್‌ಗಳನ್ನು ಸುಮ್ನೆ ಬೆಸುಗೆ ಹಾಕಿದ ಸೆಟ್‌ಗಳು 1960ರ ದಶಕದಲ್ಲಿ ಬಂದಿದ್ದವು.

ರೂಪಕ್ಕೆ ಬೆಲೆ ತರುವವು ಬೇರೆ. ಬ್ರಿಟನ್ನಿನ ಎಕೊ ಕಂಪನಿಯ ಎಡಿ65 ಬೇಕಲೈಟ್ ಎಂಬ ಹಳೇ ಗಟ್ಟಿ ಪ್ಲಾಸ್ಟಿಕ್‌ನ ದುಂಡನೆಯ ಸೆಟ್. 1934ರದ್ದು, ವಿನ್ಯಾಸ ವೆಲ್ಸ್ ಕೋಟ್ಸ್ ಅವರದ್ದು. ಜರ್ಮನಿಯಲ್ಲಿ ಬ್ರೌನ್ ಕಂಪನಿಗೆ ಡೀಟರ್ ರಾಮ್ಸ್ ಮಾಡಿದ 1958ರ ಟಿ3, ಇಟಲಿಯಲ್ಲಿ 1960ರ ದಶಕದಲ್ಲಿ ಬ್ರಿಯೊನ್‌ವೇಗ ತಂದ, ಮಡಚಿದರೆ ಪೆಟ್ಟಿಗೆಯಾಗುವ ಟಿಎಸ್502 ಇವಕ್ಕೆ ರೇಡಿಯೊ ಪ್ರೇಮಿಗಳಷ್ಟೇ ಅಲ್ಲ, ವಿನ್ಯಾಸ ಪ್ರೇಮಿಗಳೂ ಹಣ ಕೊಡುತ್ತಾರೆ. ಶಾರ್ಟ್‌ವೇವ್ ಕೇಳುವವರು ಜೆನಿತ್ ಟ್ರಾನ್ಸ್-ಓಷಿಯಾನಿಕ್, ಗ್ರುಂಡಿಗ್ ಸ್ಯಾಟಲಿಟ್ ಸಾಲಿನ ಸೆಟ್‌ಗಳನ್ನು ಬಿಡುವುದಿಲ್ಲ.

ನಿಮ್ಮ ಸೆಟ್ ಈ ಯಾವುದಕ್ಕೂ ಸೇರದಿದ್ದರೆ ಬೇಸರ ಬೇಡ. ಬಹುಪಾಲು ಸೆಟ್‌ಗಳು ಸೇರುವುದಿಲ್ಲ. ಆಗ ಕೊಳ್ಳುವವರು ಮನೆಯಲ್ಲಿ ಚಂದ ಕಾಣಲಿ ಎಂದು ಕೊಳ್ಳುತ್ತಾರೆ. ಅವರ ಕಣ್ಣು ಕ್ಯಾಬಿನೆಟ್ ಮೇಲೆ.

3. ಕ್ಯಾಬಿನೆಟ್

ಇಲ್ಲಿ ನಿಧಾನ ಮಾಡಿ. ಕರೆಂಟಿನ ದೋಷವನ್ನು ಮೆಕ್ಯಾನಿಕ್ ಸರಿಮಾಡುತ್ತಾರೆ, ಒಡೆದ ಕ್ಯಾಬಿನೆಟ್ ಮೊದಲಿನಂತೆ ಆಗುವುದಿಲ್ಲ. ಕಿಟಕಿ ಬಳಿ ಒಯ್ದು, ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು ಆರೂ ಬದಿ ನೋಡಿ.

ಮರದ್ದಾದರೆ ಮೇಲಿನ ತೆಳು ಹಾಳೆ, ಅಂದರೆ ವಿನೀರ್, ಎಲ್ಲಾದರೂ ಎದ್ದಿದೆಯಾ ಎಂದು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದರೆ ಅಂಟು ಬಿಟ್ಟಿದೆ. ತಳದ ಅಂಚಿನಲ್ಲಿ ನೀರಿನ ಕಲೆ, ಸಣ್ಣ ತೂತುಗಳಿಂದ ಉದುರುವ ಹುಡಿ ಇದೆಯಾ ನೋಡಿ. ಹುಡಿ ಈಗಲೂ ಉದುರುತ್ತಿದ್ದರೆ ಹುಳ ಜೀವಂತ ಇದೆ, ಅದನ್ನು ಕೊಳ್ಳುವವರಿಗೆ ಹೇಳಲೇಬೇಕು. ಹಳೇ ವಾರ್ನಿಷ್ ಸ್ವಲ್ಪ ಕಪ್ಪಾಗಿದ್ದರೆ, ಸಣ್ಣ ಗೆರೆ ಬಿದ್ದಿದ್ದರೆ ಅದು ದೋಷವಲ್ಲ. ಹಳೇ ಮೆರುಗನ್ನು ಕೆರೆದು ಹೊಸ ಪಾಲಿಯುರೆಥೇನ್ ಬಳಿದ ಸೆಟ್‌ಗಿಂತ ಮಂಕಾದ ಮೂಲ ಮೆರುಗಿನ ಸೆಟ್‌ಗೆ ಸಂಗ್ರಹಕಾರರು ಜಾಸ್ತಿ ಕೊಡುತ್ತಾರೆ. ಕೊಳೆ ತೆಗೆಯಲೇಬೇಕು ಅನ್ನಿಸಿದರೆ ಒಣ ಮೆದು ಬ್ರಶ್ ಸಾಕು.

ಬೇಕಲೈಟ್ ಗಟ್ಟಿ, ಆದರೆ ಬಿದ್ದರೆ ಬಿರುಕು ಬಿಡುತ್ತದೆ. ಕಂದು, ಕಪ್ಪು ಇದರ ಸಹಜ ಬಣ್ಣ. ಕೂದಲೆಳೆಯ ಬಿರುಕು ಕಣ್ಣಿಗೆ ಕಾಣದೇ ಇರಬಹುದು, ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಸ್ಕ್ರೂ ಹಾಕುವ ಮೂಲೆಗಳಲ್ಲಿ, ಸ್ಪೀಕರ್ ಜಾಲರಿಯ ಪಟ್ಟಿಗಳಲ್ಲಿ ಮೊದಲು ಹುಡುಕಿ.

ಹಳದಿ, ಜೇನಿನ ಬಣ್ಣ, ಹಸಿರು, ಕೆಂಪು, ಅಮೃತಶಿಲೆಯಂತೆ ಎಳೆ ಎಳೆಯಾಗಿ ಹೊಳೆಯುವ ಭಾರದ ಪ್ಲಾಸ್ಟಿಕ್ ಕಂಡರೆ ಜಾಗ್ರತೆ. ಅದು ಕ್ಯಾಟಲಿನ್ ಆಗಿರಬಹುದು. 1930ರ ದಶಕದ ಕೊನೆ ಮತ್ತು 40ರ ದಶಕದ ಅಮೆರಿಕದ ಫಾಡಾ, ಎಮರ್ಸನ್ ಸೆಟ್‌ಗಳಲ್ಲಿ ಇದನ್ನು ಬಳಸಿದರು. ಮನೆ ರೇಡಿಯೊಗಳಲ್ಲಿ ಅತಿ ಹೆಚ್ಚು ಬೆಲೆಗೆ ಹೋಗುವವುಗಳಲ್ಲಿ ಇವೂ ಸೇರಿವೆ. ಕ್ಯಾಟಲಿನ್ ಕಾಲ ಕಳೆದಂತೆ ಬಣ್ಣ ಬದಲಿಸುತ್ತದೆ. ಬಿಳಿ ಹಳದಿಯಾಗುತ್ತದೆ, ನೀಲಿ ಹಸಿರಿಗೆ ತಿರುಗುತ್ತದೆ. ಅದು ಕುಗ್ಗುತ್ತದೆ ಕೂಡ. ಒಳಗಿನ ಚಾಸಿಸ್ ಕುಗ್ಗುವುದಿಲ್ಲವಾದ್ದರಿಂದ ಮೂಲೆಯಲ್ಲಿ ಬಿರುಕು ಬರುತ್ತದೆ. ಟ್ರಾನ್ಸಿಸ್ಟರ್‌ಗೂ ಮುಂಚಿನ ಗಾಜಿನ ನಳಿಕೆಗಳು, ಅಂದರೆ ವಾಲ್ವ್‌ಗಳು, ಅವುಗಳ ಬಿಸಿ ತಾಗಿದ ಕಡೆ ಕಪ್ಪಾಗಿ ಸೊಟ್ಟಗಾಗಿರುತ್ತದೆ. ಬಿರುಕಿಲ್ಲದ ಕ್ಯಾಟಲಿನ್ ಸೆಟ್‌ಗೂ ಬಿರುಕಿನ ಸೆಟ್‌ಗೂ ಬೆಲೆಯಲ್ಲಿ ಅಜಗಜಾಂತರ. ಇಂಥದ್ದು ಕೈಯಲ್ಲಿದ್ದರೆ ಉಜ್ಜಬೇಡಿ, ಬಿಸಿಲಿಗಿಡಬೇಡಿ, ತಿಳಿದವರ ಅಭಿಪ್ರಾಯ ಕೇಳದೆ ಮಾರಲೂ ಬೇಡಿ.

ಬಣ್ಣ ಬಳಿದ ಸೆಟ್ ಆದರೆ ಒಳಗೋಡೆ ನೋಡಿ. ಕೆಲವು ಬೇಕಲೈಟ್ ಸೆಟ್‌ಗಳಿಗೆ ಕಾರ್ಖಾನೆಯಲ್ಲೇ ಬಿಳಿ ಬಣ್ಣ ಬಳಿಯುತ್ತಿದ್ದರು. ಅದು ಮೂಲದ್ದೇ. ಮನೆಯಲ್ಲಿ ಯಾರೋ ಬಳಿದದ್ದಾದರೆ ಕುಂಚದ ಗೆರೆ, ಸ್ಕ್ರೂ ತಲೆಯ ಮೇಲೆ ಬಣ್ಣ, ಲೇಬಲ್ ಅಂಚಿಗೆ ಹತ್ತಿದ ಬಣ್ಣ ಕಾಣುತ್ತದೆ.

4. ಏನು ಇದೆ, ಏನು ಇಲ್ಲ

ಒಂದು ಕಾಗದ ತೆಗೆದುಕೊಂಡು ಬರೆಯಿರಿ: ನಾಬ್‌ಗಳು, ಡಯಲ್ ಗಾಜು, ಮುಳ್ಳು, ಸ್ಪೀಕರ್ ಬಟ್ಟೆ, ಕಂಪನಿ ಬ್ಯಾಡ್ಜ್, ಹಿಂಬದಿ ಮುಚ್ಚಳ, ಹಿಡಿ, ಏರಿಯಲ್. ಮುಂದೆ ‘ಇದೆ’, ‘ಇಲ್ಲ’, ‘ಬದಲಾಗಿದೆ’ ಎಂದು ಗುರುತಿಸಿ.

ಇವುಗಳಲ್ಲಿ ಬೆಲೆಗೆ ಅತಿ ದೊಡ್ಡ ಪೆಟ್ಟು ಕೊಡುವುದು ಡಯಲ್ ಗಾಜು. ನಿಲ್ದಾಣಗಳ ಹೆಸರು ಗಾಜಿನ ಹಿಂಬದಿಗೆ ಅಚ್ಚಾಗಿರುತ್ತದೆ. ಒಡೆದರೆ ಅದೇ ಮಾಡೆಲ್‌ನ ಇನ್ನೊಂದು ಸತ್ತ ಸೆಟ್ ಹುಡುಕಬೇಕು. ಅಕ್ಷರಗಳು ಹಳೇ ಬಣ್ಣದವು, ನೀರು ತಾಗಿದರೂ ಎದ್ದು ಬರುವ ಸಾಧ್ಯತೆ ಇದೆ. ಹಾಗಾಗಿ ಗಾಜಿನ ಒಳಬದಿಯನ್ನು ಒರೆಸುವ ಯೋಚನೆಯೇ ಬೇಡ.

ನಾಬ್ ಒಂದೇ ಒಂದು ಬೇರೆಯದಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಹಿಂಬದಿ ಮುಚ್ಚಳ ಗೋಡೆಯ ಕಡೆಗೆ ತಿರುಗಿರುವ ರಟ್ಟಿನ ಹಲಗೆ ಅಲ್ವಾ, ಅದಕ್ಕೇನು ಬೆಲೆ ಅನ್ನಬೇಡಿ. ರಿಪೇರಿಗೆಂದು ಬಿಚ್ಚಿದಾಗ ಹೆಚ್ಚಾಗಿ ಕಳೆದುಹೋಗುವ ಭಾಗ ಅದೇ. ಅದು ಇದ್ದರೆ ಮಾಡೆಲ್ ನಂಬರೂ ಇರುತ್ತದೆ, ಒಳಗಿನ ಕರೆಂಟಿಗೆ ಕೈ ತಾಗದಂತೆ ರಕ್ಷಣೆಯೂ ಇರುತ್ತದೆ.

ಟ್ರಾನ್ಸಿಸ್ಟರ್ ಸೆಟ್‌ಗೆ ಚರ್ಮದ ಚೀಲ, ಕಿವಿಗೆ ಹಾಕುವ ಇಯರ್‌ಫೋನ್, ಡಬ್ಬ, ಬಳಕೆಯ ಪುಸ್ತಕ, ಕೊಂಡ ರಸೀದಿ ಸಿಕ್ಕರೆ ಒಂದನ್ನೂ ಎಸೆಯಬೇಡಿ. ಜೇಬಿನ ಸೆಟ್‌ಗಳ ಸಂಗ್ರಹಕಾರರಿಗೆ ಡಬ್ಬದ ಸಮೇತ ಸಿಗುವ ಸೆಟ್ ಬೇರೆ ದರ್ಜೆಯದ್ದೇ.

ಇಲ್ಲೊಂದು ನೋವಿನ ವಿಷಯ. ಕೆಲವರು ಹಳೇ ಸೆಟ್‌ನ ಕರುಳು ಕಿತ್ತು ಬ್ಲೂಟೂತ್ ಸ್ಪೀಕರ್ ತುಂಬಿಸುತ್ತಾರೆ. ಹಾಗಾದ ಸೆಟ್‌ಗೆ ಅಲಂಕಾರದ ಬೆಲೆಯಷ್ಟೇ ಉಳಿಯುತ್ತದೆ. ಕಿತ್ತ ಚಾಸಿಸ್ ಮೂಲೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ಜೊತೆಗಿಡಿ, ಮತ್ತೆ ಜೋಡಿಸಲು ಬಯಸುವವರು ಸಿಗುತ್ತಾರೆ.

5. ಒಳಗಡೆ

ಪ್ಲಗ್ ಕಿತ್ತಿದೆ ಎಂದು ಖಚಿತ ಮಾಡಿಕೊಂಡು ಹಿಂಬದಿ ತೆರೆಯಿರಿ. ಯಾವುದನ್ನೂ ಮುಟ್ಟಬೇಡಿ, ಕಣ್ಣು ಮೂಗು ಸಾಕು.

ಎಲ್ಲ ವಾಲ್ವ್ ಸಾಕೆಟ್‌ನಲ್ಲೂ ವಾಲ್ವ್ ಇದೆಯಾ? ವಾಲ್ವ್ ಗಾಜಿನ ಒಳಮೈ ಬೆಳ್ಳಿಯಂತೆ ಹೊಳೆಯುವ ಬದಲು ಹಾಲಿನಂತೆ ಬಿಳಿಯಾಗಿದ್ದರೆ ಒಳಗೆ ಗಾಳಿ ಹೊಕ್ಕು ಅದು ಸತ್ತಿದೆ. ಟ್ರಾನ್ಸ್‌ಫಾರ್ಮರ್‌ನಿಂದ ಮೇಣ ಅಥವಾ ಡಾಂಬರಿನಂಥದ್ದು ಸೋರಿ ಸುಟ್ಟ ವಾಸನೆ ಬರುತ್ತಿದ್ದರೆ ದೊಡ್ಡ ಖರ್ಚು ಕಾದಿದೆ. ಸ್ಪೀಕರ್ ಕೋನ್ ಹರಿದಿದೆಯಾ, ಇಲಿ ಕಡಿದಿದೆಯಾ ನೋಡಿ. ಧೂಳು ಸಮವಾಗಿ ಕೂತಿದ್ದರೆ ಅದು ಒಳ್ಳೆಯ ಲಕ್ಷಣ. ಯಾರೂ ಕೈ ಹಾಕಿಲ್ಲ ಎಂದು ಅರ್ಥ. ಅದನ್ನು ಊದಬೇಡಿ. ಕೆಲವು ಸೆಟ್‌ಗಳ ಒಳಗೆ ಬಿಸಿ ತಡೆಯಲು ಕಲ್ನಾರಿನ ಹಾಳೆ ಅಂಟಿಸಿದ್ದಾರೆ, ಅದರ ಎಳೆ ಉಸಿರಿಗೆ ಹೋಗಬಾರದು.

ನಿಲ್ದಾಣ ಸರಿಯಾಗಿ ಹಿಡಿದಿದೆಯಾ ಎಂದು ತೋರಿಸಲು ಮುಂದೆ ಹಸಿರಾಗಿ ಬೆಳಗುವ ‘ಮ್ಯಾಜಿಕ್ ಐ’ ಇರುವ ಸೆಟ್ ಆದರೆ ಅದರ ಸ್ಥಿತಿ ಬೆಲೆಗೆ ಸೇರುತ್ತದೆ. ಬಳಸಿದಷ್ಟೂ ಅದರ ಬೆಳಕು ಮಂಕಾಗುತ್ತದೆ, ಬದಲಿಗೆ ಹೊಸದು ತರಲು ಖರ್ಚು ಜಾಸ್ತಿ.

ಟ್ರಾನ್ಸಿಸ್ಟರ್ ಸೆಟ್‌ನಲ್ಲಿ ಬ್ಯಾಟರಿ ಜಾಗ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಒಳಗೇ ಬಿಟ್ಟ ಬ್ಯಾಟರಿ ಸೋರಿ ಸ್ಪ್ರಿಂಗ್ ತಿಂದಿದ್ದರೆ ಸರಿಮಾಡಬಹುದು, ಅದು ಬೋರ್ಡ್‌ವರೆಗೆ ಹರಿದಿದ್ದರೆ ಕಷ್ಟ. ಯುರೋಪಿನ 1960ರ ದಶಕದ ಸೆಟ್‌ಗಳಲ್ಲಿ ಎಎಫ್114ರಿಂದ ಎಎಫ್117ರವರೆಗಿನ ಟ್ರಾನ್ಸಿಸ್ಟರ್‌ಗಳಿಗೆ ಒಂದು ಪ್ರಸಿದ್ಧ ರೋಗ ಇದೆ. ಲೋಹದ ಟೋಪಿಯ ಒಳಗೆ ತವರದ ಕೂದಲಿನಂಥ ಎಳೆ ಬೆಳೆದು ಶಾರ್ಟ್ ಆಗುತ್ತದೆ. ಬಳಸದೆ ಇಟ್ಟ ಸೆಟ್‌ನಲ್ಲೂ ಬೆಳೆಯುತ್ತದೆ. ಇಂಥ ಸೆಟ್ ಮೂಕವಾಗಿದ್ದರೆ ಗಾಬರಿ ಬೇಡ, ತಿಳಿದವರಿಗೆ ಇದು ಸಣ್ಣ ಕೆಲಸ.

ಒಂದು ವಿಶೇಷ ಸಂದರ್ಭ ಉಂಟು. ಕ್ಯಾಬಿನೆಟ್ ಪೂರ್ತಿ ಹಾಳಾಗಿದ್ದರೂ ಒಳಗಿನ ವಾಲ್ವ್‌ಗಳೇ ಬೆಲೆ ತರಬಹುದು. 1930ರ ದಶಕದ ದೊಡ್ಡ ಅಮೆರಿಕನ್ ಸೆಟ್‌ಗಳಲ್ಲಿರುವ 45 ಮತ್ತು 2ಎ3 ವಾಲ್ವ್‌ಗಳನ್ನು ಆಡಿಯೊ ಆಂಪ್ಲಿಫೈಯರ್ ಕಟ್ಟುವವರು ಹುಡುಕುತ್ತಿರುತ್ತಾರೆ. ಇಎಲ್84, 6ವಿ6 ಕೂಡ ಸುಲಭವಾಗಿ ಮಾರಾಟವಾಗುತ್ತವೆ. ಆದರೆ ಚೆನ್ನಾಗಿರುವ ಸೆಟ್ ಬಿಚ್ಚಿ ಭಾಗ ಮಾರುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಪೂರ್ತಿ ಸೆಟ್‌ಗಳ ಸಂಖ್ಯೆ ಕಡಿಮೆಯಾಗುತ್ತಲೇ ಇದೆ.

6. ಕರೆಂಟ್ ಕೊಡಬೇಕಾ?

ವಾಲ್ವ್ ಸೆಟ್ ಆದರೆ ನೀವು ಕೊಡಬೇಡಿ. ಹಳೇ ಸೆಟ್ ತಿಳಿದ ಮೆಕ್ಯಾನಿಕ್ ಬಲ್ಬನ್ನು ಸಾಲಿನಲ್ಲಿ ಜೋಡಿಸಿಯೋ, ವೋಲ್ಟೇಜ್ ಮೆಲ್ಲಗೆ ಏರಿಸುವ ಸಾಧನದಿಂದಲೋ, ಅದಕ್ಕೂ ಮೊದಲು ಕೆಪಾಸಿಟರ್‌ಗಳನ್ನು ಅಳೆದೋ ನೋಡುತ್ತಾರೆ. ಮೇಣ ಹಚ್ಚಿದ ಕಾಗದದ ಹಳೇ ಕೆಪಾಸಿಟರ್‌ನಲ್ಲಿ ಕರೆಂಟ್ ಸೋರಿದರೆ ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ ಹದ್ದು ಮೀರಿ ಬಿಸಿಯಾಗುತ್ತದೆ, ಅದರ ಜೊತೆ ಟ್ರಾನ್ಸ್‌ಫಾರ್ಮರ್ ಕೂಡ ಹೋಗುತ್ತದೆ. ಸೆಟ್ ಅರ್ಧ ಗಂಟೆ ಚೆನ್ನಾಗಿ ಹಾಡಿಯೇ ಹೀಗಾಗಬಹುದು.

ಟ್ರಾನ್ಸ್‌ಫಾರ್ಮರ್ ಇಲ್ಲದ, ಎಸಿ-ಡಿಸಿ ಎರಡರಲ್ಲೂ ನಡೆಯುವ ಸೆಟ್‌ಗಳು ಇನ್ನೂ ಅಪಾಯ. ಅವುಗಳ ಚಾಸಿಸ್ ನೇರವಾಗಿ ಕರೆಂಟ್ ತಂತಿಗೇ ಸೇರಿರುತ್ತದೆ. ನಾಬ್ ಇಲ್ಲದ ಲೋಹದ ಕಡ್ಡಿ ಮುಟ್ಟಿದರೆ ಜೀವಕ್ಕೇ ಅಪಾಯ.

‘ಪರೀಕ್ಷಿಸಿಲ್ಲ’ ಎಂದು ಬರೆದು ಮಾರುವುದರಲ್ಲಿ ತಪ್ಪಿಲ್ಲ. ಅನುಭವ ಇರುವವರು ಹಾಗೆ ಬರೆದ ಸೆಟ್‌ಗೇ ಜಾಸ್ತಿ ನಂಬಿಕೆ ಇಡುತ್ತಾರೆ. ಟ್ರಾನ್ಸಿಸ್ಟರ್ ಸೆಟ್‌ಗೆ ಮಾತ್ರ ಬ್ಯಾಟರಿ ಹಾಕಿ ನೋಡಬಹುದು. ಧನ, ಋಣ ತಿರುವುಮುರುವಾಗದಂತೆ ಎರಡು ಸಲ ನೋಡಿ.

7. ಹಾಡಿದರೂ ಏನು ಕೇಳಿಸುತ್ತದೆ?

ರೇಡಿಯೊ ಸರಿಯಿದ್ದರೂ ಕೇಳಲು ನಿಲ್ದಾಣ ಇರಬೇಕಲ್ಲ. ಹಲವು ದೇಶಗಳಲ್ಲಿ ಮೀಡಿಯಂವೇವ್, ಲಾಂಗ್‌ವೇವ್ ಪ್ರಸಾರ ನಿಂತಿದೆ. ಜರ್ಮನಿಯ ಡಾಯ್ಚ್‌ಲ್ಯಾಂಡ್‌ಫಂಕ್ 2015ರ ಕೊನೆಗೆ ಮೀಡಿಯಂವೇವ್ ಮುಚ್ಚಿತು. ನಾರ್ವೆ 2017ರಲ್ಲಿ ರಾಷ್ಟ್ರೀಯ ಎಫ್‌ಎಂ ಜಾಲಗಳನ್ನೇ ನಿಲ್ಲಿಸಿತು. ಎಫ್‌ಎಂ ಇದ್ದರೂ ಪಟ್ಟಿ ಹೊಂದಬೇಕು. ಪೂರ್ವ ಯುರೋಪಿನ ಹಳೇ ಸೆಟ್‌ಗಳ ಎಫ್‌ಎಂ ಸುಮಾರು 66ರಿಂದ 73 ಮೆಗಾಹರ್ಟ್ಜ್, ಜಪಾನಿನವು 76ರಿಂದ 90, ಅಮೆರಿಕದ ಯುದ್ಧಪೂರ್ವ ಎಫ್‌ಎಂ ಸೆಟ್‌ಗಳು 42ರಿಂದ 50. ಕೊಳ್ಳುವವರು ಇರುವ ಕಡೆ ಏನು ಕೇಳಿಸುತ್ತದೆ ಅನ್ನುವುದು ದಿನಬಳಕೆಯ ಸೆಟ್‌ನ ಬೆಲೆಯನ್ನು ಏರಿಳಿಸುತ್ತದೆ. ಅಪರೂಪದ ಸೆಟ್‌ಗೆ ಇದರಿಂದ ಏನೂ ಆಗುವುದಿಲ್ಲ.

8. ಬೆಲೆ ಲೆಕ್ಕ

ಈಗ ಅದೇ ಮಾಡೆಲ್ ಹರಾಜಿನಲ್ಲಿ, ಆನ್‌ಲೈನ್ ಮಾರಾಟದಲ್ಲಿ ಎಷ್ಟಕ್ಕೆ ಹೋಗಿದೆ ನೋಡಿ. ‘ಹೋಗಿದೆ’ ಅನ್ನುವುದು ಮುಖ್ಯ. ಮಾರುವವರು ಕೇಳುತ್ತಿರುವ ಬೆಲೆ ಬರೀ ಆಸೆ. ತಿಂಗಳುಗಟ್ಟಲೆ ಹಾಗೇ ಬಿದ್ದಿರುವ ಜಾಹೀರಾತು ಹೇಳುವುದು ಇಷ್ಟೇ, ಆ ಬೆಲೆಗೆ ಯಾರೂ ಒಪ್ಪಿಲ್ಲ. ಮಾರಾಟ ಮುಗಿದ ನಾಲ್ಕೈದು ಸೆಟ್ ಸಿಕ್ಕರೆ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಡಿ. ಉಳಿದವುಗಳ ಫೋಟೊ ತೆರೆದು ನಿಮ್ಮ ‘ಇದೆ, ಇಲ್ಲ’ ಪಟ್ಟಿಯ ಜೊತೆ ಹೋಲಿಸಿ.

ಲೆಕ್ಕದ ದಾರಿ ತೋರಿಸಲು ಒಂದು ಉದಾಹರಣೆ. ರಿಪೇರಿಯಾಗಿ ಚೆನ್ನಾಗಿ ಹಾಡುವ, ಪೂರ್ತಿ ಇರುವ ಸೆಟ್ 100ಕ್ಕೆ ಹೋಗಿದೆ ಎಂದಿಟ್ಟುಕೊಳ್ಳಿ. ನಿಮ್ಮದಕ್ಕೆ ರಿಪೇರಿ 30, ಒಂದು ನಾಬ್ ಹುಡುಕಿ ತರಲು 10. ಉಳಿದದ್ದು 60. ಆದರೆ ಕೊಳ್ಳುವವರು 60 ಕೊಡುವುದಿಲ್ಲ. ಹುಡುಕುವ ಶ್ರಮ, ಒಳಗೆ ಇನ್ನೇನು ಕೆಟ್ಟಿದೆಯೋ ಅನ್ನುವ ಅನುಮಾನ ಎರಡಕ್ಕೂ ಒಂದಿಷ್ಟು ಹಿಡಿಯುತ್ತಾರೆ. 40, 45 ಅಂದರೆ ನ್ಯಾಯದ ಮಾತು. ಅಂಗಡಿಯವರು ಇನ್ನೂ ಕಡಿಮೆ ಹೇಳುತ್ತಾರೆ. ಅವರು ಮತ್ತೆ ಮಾರಬೇಕಲ್ಲ, ಅದು ಮೋಸವಲ್ಲ.

ಹಾಗಾದರೆ ನಾನೇ 30 ಖರ್ಚು ಮಾಡಿ ರಿಪೇರಿ ಮಾಡಿಸಿದರೆ? ಸಾಮಾನ್ಯ ಸೆಟ್‌ನಲ್ಲಿ ಆ ಖರ್ಚು ಪೂರ್ತಿ ವಾಪಸ್ ಬರುವುದು ಅಪರೂಪ. ಸಂಗ್ರಹಕಾರರಿಗೆ ತಮ್ಮದೇ ಕೈಯಿಂದ, ತಮ್ಮದೇ ರೀತಿಯಲ್ಲಿ ಸರಿಮಾಡುವುದು ಇಷ್ಟ. ಮನೆಯಲ್ಲಿ ಇಟ್ಟು ಕೇಳಲು ಬಯಸುವವರಿಗೆ ಮಾರುವುದಾದರೆ ಮಾತ್ರ ಮಾಡಿಸಿ. ಆಗ ಬದಲಿಸಿದ ಭಾಗಗಳ ಪಟ್ಟಿ ಬರೆಸಿಕೊಳ್ಳಿ.

9. ಜಾಹೀರಾತು ಮತ್ತು ಸಾಗಣೆ

ಫೋಟೊಗಳಲ್ಲಿ ಮುಂಭಾಗ, ಹಿಂಭಾಗ, ತಳ, ಒಳಗು, ಲೇಬಲ್ ಮತ್ತು ಪ್ರತಿಯೊಂದು ದೋಷ ಇರಲಿ. ಬಿರುಕನ್ನು ಹತ್ತಿರದಿಂದ ತೋರಿಸಿ. ದೋಷ ಮುಚ್ಚಿಟ್ಟ ಜಾಹೀರಾತಿಗಿಂತ ತೋರಿಸಿದ ಜಾಹೀರಾತಿಗೆ ಗಂಭೀರ ಗಿರಾಕಿ ಸಿಗುತ್ತಾರೆ. ‘ತುಂಬಾ ಅಪರೂಪ’ ಎಂದು ಬರೆಯುವ ಬದಲು ಮಾಡೆಲ್ ನಂಬರನ್ನು ಮೊದಲ ಸಾಲಿನಲ್ಲೇ ಹಾಕಿ. ಹುಡುಕುವವರು ಅದನ್ನೇ ಹುಡುಕುತ್ತಾರೆ.

ಭಾರದ ವಾಲ್ವ್ ಸೆಟ್ ಆದರೆ ಗಿರಾಕಿಯೇ ಬಂದು ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಕಳಿಸಲೇಬೇಕಾದರೆ ವಾಲ್ವ್ ಕಿತ್ತು ಯಾವುದು ಯಾವ ಸಾಕೆಟ್‌ನದ್ದು ಎಂದು ಗುರುತು ಹಾಕಿ ಬೇರೆ ಸುತ್ತಿಡಿ, ಕೀಳುವ ಮೊದಲು ಫೋಟೊ ತೆಗೆದುಕೊಳ್ಳಿ. ನಾಬ್‌ಗಳಿಗೆ ಒತ್ತಡ ಬೀಳದಂತೆ ಮುಂಭಾಗಕ್ಕೆ ದಪ್ಪ ಫೋಮ್ ಇರಲಿ. ಚಾಸಿಸ್ ಬೋಲ್ಟ್‌ಗಳು ಸಡಿಲವಾಗಿದ್ದರೆ ಬಿಗಿ ಮಾಡಿ, ಇಲ್ಲವಾದರೆ ದಾರಿಯಲ್ಲಿ ಭಾರದ ಚಾಸಿಸ್ ಒಳಗಿನಿಂದಲೇ ಕ್ಯಾಬಿನೆಟ್ ಒಡೆಯುತ್ತದೆ. ಒಂದು ಡಬ್ಬ ಸಾಲದು. ಡಬ್ಬದೊಳಗೆ ಡಬ್ಬ ಇಟ್ಟು, ಎರಡರ ನಡುವೆ ಎಲ್ಲ ಕಡೆ ಮೆತ್ತನೆಯ ತುಂಬು ಹಾಕಿ. ಟ್ರಾನ್ಸಿಸ್ಟರ್ ಸೆಟ್‌ನ ಬ್ಯಾಟರಿ ತೆಗೆದಿದ್ದೀರಾ ಎಂದು ಡಬ್ಬ ಮುಚ್ಚುವ ಮುಂಚೆ ಇನ್ನೊಮ್ಮೆ ನೋಡಿ.